ಗೋಲಗುಮ್ಮಟದ ಹುಡುಗರನ್ನು ರೋಮಿಗೆ ಹೊರಡಿಸಿದ್ದು

ವಿಜಯಪುರದ ಯಾವ ಹುಡುಗನನ್ನಾದರೂ ಕೇಳಿ, ಗೋಲಗುಮ್ಮಟ "ಜಗತ್ತಿನಾಗ ಎರಡನೇದು" ಅಂತಾನೆ. ಯಾವ ಅಳತೆಯಲ್ಲಿ ಎರಡನೆಯದು ಎಂದರೆ ಸುಮ್ಮನಾಗುತ್ತಾನೆ. ಸಿವಿಲ್ ವಿಭಾಗದಲ್ಲಿ ಪಾಠ ಹೇಳುವ ನನಗೆ ಈ ಮೌನ ಬಹಳ ವರ್ಷದ ಕಿರಿಕಿರಿ. ರೋಮಿನ ಪ್ಯಾಂಥಿಯನ್ ಎಂಬ ಹಳೆಯ ಗುಮ್ಮಟದ ಕಟ್ಟಡ ತೋರಿಸಿಕೊಂಡು ಬರೋಣ ಎಂಬ ಹುಚ್ಚು ಹತ್ತಿದ್ದು ಅದರಿಂದಲೇ. 14 ವಿದ್ಯಾರ್ಥಿಗಳು, ನಾನು, ಇನ್ನೊಬ್ಬ ಸಹೋದ್ಯೋಗಿ. ಒಂಬತ್ತು ದಿನದ ಪ್ರವಾಸ, ಎಂಟು ತಿಂಗಳ ತಯಾರಿ.

ಆ ಎಂಟರಲ್ಲಿ ಮೂರು ತಿಂಗಳು ತಿಂದದ್ದು ಹುಡುಗರ ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಇನಿಷಿಯಲ್. ಒಬ್ಬ ಹುಡುಗಿಯ "ಬಿರಾದಾರ"ಕ್ಕೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ಎ' ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಇನ್ನೊಬ್ಬ ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಖಾನೆಯನ್ನೇ ಖಾಲಿ ಬಿಟ್ಟು, ಎಲ್ಲವನ್ನೂ ಮೊದಲ ಹೆಸರಿನಲ್ಲಿ ತುಂಬಿದ್ದ. ವಿಮಾನದ ಟಿಕೆಟ್ ತೆಗೆಸುವಾಗ ಆ ಖಾನೆ ಖಾಲಿ ಬಿಡಲು ಬರುವುದಿಲ್ಲ. ಹಾಗಾಗಿ ಆಧಾರ್ ತಿದ್ದುಪಡಿ ಮೊದಲು, ಪಾಸ್‌ಪೋರ್ಟ್ ಆಮೇಲೆ, ಟಿಕೆಟ್ ಎಲ್ಲಕ್ಕಿಂತ ಕೊನೆಗೆ ಎಂದು ಸಾಲು ಹಾಕಿಕೊಂಡೆ. ಪಾಸ್‌ಪೋರ್ಟಿನ ಶುಲ್ಕ 1,500 ರೂಪಾಯಿ ಕಟ್ಟಿದ ಮಾತ್ರಕ್ಕೆ ಮುಗಿಯಲಿಲ್ಲ. ಪೊಲೀಸರು ಪರಿಶೀಲನೆಗೆ ಸಿಂದಗಿ ತಾಲ್ಲೂಕಿನ ಹಳ್ಳಿಗೆ ಹೋದರೆ ಹುಡುಗ ಇಲ್ಲಿ ಹಾಸ್ಟೆಲ್‌ನಲ್ಲಿ! ಆಮೇಲಿನವರಿಗೆಲ್ಲ ಅರ್ಜಿಯಲ್ಲಿ ಯಾವ ವಿಳಾಸ ಕೊಡುತ್ತೀರಿ ಎಂದು ನಾನೇ ಕೂಡಿಸಿಕೊಂಡು ಕೇಳತೊಡಗಿದೆ.

ವೀಸಾಕ್ಕೆ ತಂದೆಯ ಆದಾಯ ತೋರಿಸಬೇಕು. ಹೆಚ್ಚಿನವರು ರೈತರು, ಆದಾಯ ತೆರಿಗೆ ರಿಟರ್ನ್ ಎಂದರೆ "ಅದೇನ್ರೀ ಮೇಡಮ್ಮಾರ?" ಎನ್ನುವವರು. ಹೊಲದ ಉತಾರ (ಪಹಣಿ) ತರಿಸಿ, ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಹಾಕಿಸಿದೆವು. ಅದಕ್ಕಿಂತ ದೊಡ್ಡ ತೊಡಕು ಬ್ಯಾಂಕ್ ಲೆಕ್ಕ. ತಿಂಗಳುಗಟ್ಟಲೆ ಖಾತೆಯಲ್ಲಿ ಎರಡು-ಮೂರು ಸಾವಿರ, ಒಂದು ದಿನ ದಿಢೀರನೆ ನಾಲ್ಕು ಲಕ್ಷ. ಅದು ಕಬ್ಬಿನ ಬಿಲ್ಲು ಎಂದು ನಮಗೆ ಗೊತ್ತು, ವೀಸಾ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಯಾರಿಂದಲೋ ಸಾಲ ತಂದು ತುಂಬಿದ್ದಾರೆ ಅಂದುಕೊಂಡಾನು. ಕಾರ್ಖಾನೆಯ ರಸೀದಿ ಲಗತ್ತಿಸಿ, ಎರಡು ಸಾಲಿನ ವಿವರಣೆ ಬರೆದೆ. ಆ ಎರಡು ಸಾಲಿಗೆ ಪಟ್ಟ ಕಷ್ಟ ನನ್ನ ಎಂ.ಟೆಕ್ ಪ್ರಬಂಧಕ್ಕೂ ಪಟ್ಟಿಲ್ಲ.

ಇನ್ನೊಂದು. ಮೊದಲು ಮಾತಾಡಿಸಿದ ಏಜೆಂಟ್ ತಲಾ 90 ಯೂರೋ ವೀಸಾ ಶುಲ್ಕ ಸೇರಿಸಿಯೇ ಲೆಕ್ಕ ಕೊಟ್ಟಿದ್ದ. ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾದ, ನಿಯಮ ತೆಗೆದು ಓದಿದರೆ, ಅಧ್ಯಯನಕ್ಕೆ ಹೋಗುವ ವಿದ್ಯಾರ್ಥಿಗಳಿಗೂ ಜೊತೆಗಿನ ಶಿಕ್ಷಕರಿಗೂ ಆ ಶುಲ್ಕ ಮಾಫಿ! ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ತಪ್ಪದು. ಕಾಲೇಜಿನ ಪತ್ರದಲ್ಲಿ "ಪ್ರವಾಸ" ಎಂದಿದ್ದನ್ನು ಅಳಿಸಿ, ಯಾವ ದಿನ ಯಾವ ಕಟ್ಟಡದ ಅಧ್ಯಯನ ಎಂದು ಬರೆದೆವು. 16 ಜನರ 1,440 ಯೂರೋ ಉಳಿಯಿತು. ಆರೋಗ್ಯ ವಿಮೆ ಕನಿಷ್ಠ 30,000 ಯೂರೋದ್ದು ಇರಲೇಬೇಕು. ಬೆರಳಚ್ಚು ಕೊಡಲು ಎಲ್ಲರೂ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದೆವು. ಅರ್ಧ ಹುಡುಗರಿಗೆ ಅದೇ ಮೊದಲ ದೂರದ ಪ್ರಯಾಣ.

ಪಾಲಕರ ಸಭೆಯಲ್ಲಿ ಮುದ್ದೇಬಿಹಾಳ ಕಡೆಯ ತಾಯಿಯೊಬ್ಬರು, "ಆಕಿ ಹುಬ್ಬಳ್ಳಿ ಸೈತ ನೋಡಿಲ್ರಿ, ಅಲ್ಲಿ ಉಣ್ಣಾಕ ಏನ್ ಸಿಗತೈತಿ?" ಎಂದರು. ಉಳಿದ ಪ್ರಶ್ನೆಗಳೆಲ್ಲ ಇದರ ಮುಂದೆ ಸಣ್ಣವು. ಯುರೋಪ್ ಒಕ್ಕೂಟದೊಳಗೆ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಪ್ರಮಾಣಪತ್ರ ಇಲ್ಲದೆ ಲಿಂಬೆಹಣ್ಣು, ಕರಿಬೇವೂ ಇಲ್ಲ. ತುಪ್ಪದ ಡಬ್ಬಿ, ಇಂಡಿ ಲಿಂಬೆ ಮನೆಯಲ್ಲೇ ಉಳಿದವು. ಕುಂದಾವನ್ನೂ ಬೇಡ ಎಂದೆ, ಹಾಲಿನದೇ ಅಲ್ಲವೇ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗೆ (ನಮ್ಮ ಕಡೆ ಹಿಂಡಿ ಎಂದರೆ ಚಟ್ನಿಪುಡಿ) ತೊಂದರೆಯಿಲ್ಲ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಕೈಚೀಲಕ್ಕೆ ಹಾಕಿ ಎಂದು ಹೇಳಿದ್ದೆ. ಕೇಳದೆ ದೊಡ್ಡ ಚೀಲದಲ್ಲಿಟ್ಟವರು ರೋಮಿನಲ್ಲಿ ರೊಟ್ಟಿಪುಡಿ ತಿಂದರು.

ಹೊರಡುವ ಎರಡು ವಾರ ಮುಂಚೆ, ಪುರಾತತ್ವ ಇಲಾಖೆಯ ಅನುಮತಿ ಪಡೆದು ಗುಮ್ಮಟದೊಳಗೆ ಟೇಪು ಹಿಡಿಸಿದೆ. ಒಳಗಿನ ಚೌಕದ ಒಂದೊಂದು ಬದಿ ಸುಮಾರು 41 ಮೀಟರ್. ಗುಮ್ಮಟದ ಹೊರವ್ಯಾಸ 44ರ ಆಸುಪಾಸು, ಒಳವ್ಯಾಸ 38ರ ಹತ್ತಿರ. ಪ್ಯಾಂಥಿಯನ್ನಿನ ಒಳವ್ಯಾಸವೇ 43.3. "ಹಂಗಾರ ನಾವು ನಮ್ದರ ಹೊರಗಿಂದು, ಅವರದರ ಒಳಗಿಂದು ಹಿಡದು ಹೋಲಿಸ್ತಿದ್ವೇನ್ರಿ?" ಎಂದ ಒಬ್ಬ. ನಾನು ಉತ್ತರ ಕೊಡಲಿಲ್ಲ, ಟೇಪು ಸುತ್ತಲು ಹೇಳಿದೆ.

ಅದೇ ಹುಡುಗ ಪ್ಯಾಂಥಿಯನ್ ಒಳಗೆ ಕಾಲಿಟ್ಟವನೇ ಕತ್ತೆತ್ತಿ, ನೆತ್ತಿಯ ದೊಡ್ಡ ತೂತು ನೋಡಿ, "ಮಳಿ ಬಂದ್ರ ಹೆಂಗ್ರೀ ಮೇಡಂ?" ಎಂದ. ನಾನು ಬಾಯಿ ತೆರೆಯುವ ಮುಂಚೆ ಬಿರಾದಾರ ಹುಡುಗಿ ಮಂಡಿಯೂರಿ ಕೂತು, ನೆಲದ ಹಾಸುಗಲ್ಲಿನಲ್ಲಿ ನೀರು ಇಳಿಯಲು ಕೊರೆದ ತೂತುಗಳನ್ನು ಎಣಿಸತೊಡಗಿದ್ದಳು.