ಬ್ರಿಟನ್ನಿಗೆ ಹೊರಟ ಹೆಣ್ಣುಮಕ್ಕಳಿಗೆ: ಮೂರು ತಿಂಗಳ ಅರ್ಜಿಗೆ ಸಹಿ ಹಾಕುವ ಮುನ್ನ

ಬ್ರಿಟನ್ನಿನಲ್ಲಿ ಗಂಡ ಕೈಮಾಡಿದರೆ 999ಕ್ಕೆ ಕರೆ ಮಾಡಬೇಕು, ಬಾಯಿ ಬಿಡಲಾಗದಿದ್ದರೆ ಮೊಬೈಲಿನಲ್ಲಿ 55 ಒತ್ತಬೇಕು ಎಂಬುದು ಅಲ್ಲಿಗೆ ಹೋದ ವಾರದಲ್ಲೇ ಕಿವಿಗೆ ಬೀಳುತ್ತದೆ. ನಾನು ಬಾಗಲಕೋಟೆಯ ನವನಗರಕ್ಕೆ ಮರಳಿದ ಮೇಲೆ ಅಲ್ಲಿಂದ ಫೋನ್ ಮಾಡಿದ ನಮ್ಮ ಕಡೆಯ ಮೂವರು ಹೆಣ್ಣುಮಕ್ಕಳೂ ಪೊಲೀಸರ ವಿಷಯದಲ್ಲಿ ಎಡವಿರಲಿಲ್ಲ. ನಾನು ಎಡವಿದ ಅರ್ಜಿಯಲ್ಲೇ ಎಡವಿದ್ದರು.

ಅದು ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ವಲಸಿಗರಿಗೆ ಅಲ್ಲಿನ ಗೃಹ ಇಲಾಖೆ ಕೊಡುವ ಮೂರು ತಿಂಗಳ ರಿಯಾಯಿತಿಯ, ಅಂದರೆ ಗಂಡನ ಹಂಗಿಲ್ಲದೆ ಅಲ್ಲಿ ಉಳಿಯುವ ತಾತ್ಕಾಲಿಕ ಅನುಮತಿಯ ಅರ್ಜಿ. ಬ್ರಿಟಿಷ್ ಪ್ರಜೆಯ ಹೆಂಡತಿಯಾಗಿ ಹೋದವಳಿಗೆ ಅದು ನಿಜವಾದ ಆಸರೆ. ಆ ಅವಧಿಯಲ್ಲಿ ಸರ್ಕಾರಿ ನೆರವು ಪಡೆಯುತ್ತ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. 2024ರ ಫೆಬ್ರುವರಿ 16ರಿಂದ ನೌಕರಿ ಮತ್ತು ವಿದ್ಯಾರ್ಥಿ ವೀಸಾದವರ ಸಂಗಾತಿಗಳಿಗೂ ರಿಯಾಯಿತಿಯನ್ನು ವಿಸ್ತರಿಸಿದರು, ಕಾಯಂ ವಾಸದ ದಾರಿಯನ್ನು ಮಾತ್ರ ತೆರೆಯಲಿಲ್ಲ. ನಮ್ಮವರು ಬಹುತೇಕ ಈ ಡಿಪೆಂಡೆಂಟ್ ವೀಸಾದಲ್ಲೇ, ಅಂದರೆ ಗಂಡನ ವೀಸಾವನ್ನು ಅವಲಂಬಿಸಿದ ವೀಸಾದಲ್ಲೇ ಹೋಗುತ್ತಾರೆ. ಅರ್ಜಿ ಮಂಜೂರಾದೊಡನೆ ಆ ವೀಸಾ ಹೋಗಿ, ಕೈಯಲ್ಲಿ ಉಳಿಯುವುದು ಮೂರೇ ತಿಂಗಳು. ನನ್ನ ವೀಸಾಕ್ಕೆ ಇನ್ನೂ ಇಪ್ಪತ್ತು ತಿಂಗಳು ಬಾಕಿ ಇದ್ದವು. ಆಶ್ರಯಮನೆಗಳ ಬಾಡಿಗೆ ಹೆಚ್ಚಾಗಿ ಸರ್ಕಾರಿ ನೆರವಿನಿಂದಲೇ ಸಲ್ಲುವುದರಿಂದ, ಆ ನೆರವು ಸಿಗದ ಡಿಪೆಂಡೆಂಟ್‌ಗೆ ಅಲ್ಲಿ ಹಾಸಿಗೆ ಸಿಗುವುದು ಕಷ್ಟ. ಆ ಕಷ್ಟದಲ್ಲಿಯೇ, ಪರಿಚಯದವರ ಅಡುಗೆಮನೆಯ ಕಟ್ಟೆಯ ಮೇಲೆ ಫಾರ್ಮ್ ಇಟ್ಟು, ಇದ್ದ ವೀಸಾ ಹೋಗುತ್ತದೆ ಎಂಬ ಸಾಲನ್ನು ಓದದೆ ಸಹಿ ಹಾಕಿದೆ. ಆಲಮಟ್ಟಿ ಹಿನ್ನೀರಿನ ಪರಿಹಾರದ ಕಾಗದವನ್ನು ಹತ್ತು ಸಲ ಓದಿಸಿಕೊಂಡು ಹೆಬ್ಬೆಟ್ಟು ಒತ್ತಿದ ಅಜ್ಜಿಯ ಮೊಮ್ಮಗಳು ನಾನು! ವಕೀಲರ ಫೀಸಿಗೆ ತವರಿನ ಎರಡು ಪಾಟ್ಲಿ ಹೋದವು, ಮೂರನೆಯ ತಿಂಗಳು ವಿಮಾನ ಹತ್ತಿದೆ.

ಗಂಡನ ಮನೆ ಬಿಟ್ಟ ಮಾತ್ರಕ್ಕೆ ವೀಸಾ ಅಂದೇ ಹೋಗುವುದಿಲ್ಲ, ಗೃಹ ಇಲಾಖೆ ಅದನ್ನು ಮೊಟಕುಗೊಳಿಸುವ ತನಕ ಇರುತ್ತದೆ. ಆದ್ದರಿಂದ ಮೊದಲು ಜೀವ ಉಳಿಸಿಕೊಂಡು ಹೊರಗೆ ಬನ್ನಿ, ಹಗಲಿರುಳೂ ಉಚಿತವಾಗಿ ಸಿಗುವ ಕೌಟುಂಬಿಕ ದೌರ್ಜನ್ಯ ಸಹಾಯವಾಣಿ 0808 2000 247ಕ್ಕೆ ಮಾತನಾಡಿ, ವಲಸೆ ಕಾನೂನು ಬಲ್ಲ, ಪರವಾನಗಿ ಇರುವ ಸಲಹೆಗಾರರಿಗೆ ನಿಮ್ಮ ವೀಸಾ ಯಾವುದೆಂದು ತೋರಿಸಿ. ಫಾರ್ಮ್ ಮುಟ್ಟುವುದು ಆಮೇಲೆ. ಲಂಡನ್ನಿನ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆ 1979ರಿಂದ ನಮ್ಮಂಥವರ ಪರವಾಗಿಯೇ ನಿಂತಿದೆ.

ಹೆಂಡತಿಯ ದುಡ್ಡು, ಫೋನು, ಓಡಾಟಗಳನ್ನು ಹಿಡಿತದಲ್ಲಿಟ್ಟು ಆಕೆಯನ್ನು ಬಗ್ಗಿಸುವುದನ್ನೇ 2015ರಲ್ಲಿ ಅಪರಾಧವೆಂದು ಸಾರಿದ ಆ ದೇಶದ ಕಾನೂನು ಈ ಮಟ್ಟಿಗೆ ನಮ್ಮದಕ್ಕಿಂತ ಮುಂದಿದೆ. ಆದರೆ ಮಹಿಳೆಯರ ಮೇಲಿನ ಹಿಂಸೆಯನ್ನು ತಡೆಯುವುದು ಸರ್ಕಾರದ ಹೊಣೆ ಎನ್ನುವ ಇಸ್ತಾಂಬುಲ್ ಒಪ್ಪಂದವನ್ನು 2022ರಲ್ಲಿ ಅನುಮೋದಿಸುವಾಗ, ವಲಸಿಗರ ವಾಸದ ಹಕ್ಕನ್ನು ಕುರಿತ 59ನೆಯ ವಿಧಿಗೆ ಬ್ರಿಟನ್ ತಕರಾರು ದಾಖಲಿಸಿತು. ವಾಸದ ಹಕ್ಕಿನ ವಿಷಯದಲ್ಲಿ ನಮ್ಮ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಾದರೋ, ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳದೆ ಸೊಸೆಗೆ ಅಲ್ಲಿ ವಾಸದ ಹಕ್ಕು ಕೊಡುತ್ತದೆ. ಅದನ್ನು ಜಾರಿಗೆ ತರಬೇಕಾದ ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಲೆ ಅಂಗನವಾಡಿಗಳ ಭಾರವೂ ಇದೆ ಎಂಬುದು ಬೇರೆ ಮಾತು.

ಇನ್ನೊಂದು: ಈಗ ವೀಸಾ ಇರುವುದು ಆನ್‌ಲೈನ್ ಖಾತೆಯಲ್ಲಿ. ಆ ಖಾತೆಗೆ ಗಂಡನ ಇಮೇಲ್ ಕೊಟ್ಟಿದ್ದರೆ, ಮನೆಯಲ್ಲಿ ಎಲ್ಲರೂ ನಗುತ್ತಿರುವಾಗಲೇ ನಿಮ್ಮದಕ್ಕೆ ಬದಲಾಯಿಸಿಕೊಳ್ಳಿ.