ಮೊಡವೆಗೆ ರೆಟಿನಾಯ್ಡ್: ಹಚ್ಚುವುದು ಹೇಗೆ, ಕಾಯುವುದು ಏಕೆ?

ಚರ್ಮದ ಡಾಕ್ಟರು ಅಡಾಪಲೀನ್ ಜೆಲ್ (ವಿಟಮಿನ್ ಎ ಸಂಬಂಧಿ ಔಷಧಗಳಾದ ರೆಟಿನಾಯ್ಡ್‌ಗಳಲ್ಲಿ ಒಂದು) ಬರೆದುಕೊಟ್ಟು ಹದಿನೈದು ದಿನವಾಯಿತು. ಮೊಡವೆ ಇದ್ದಲ್ಲೇ ಇದೆ, ಮೇಲಿಂದ ಮುಖವೆಲ್ಲ ಸಿಪ್ಪೆ ಏಳುತ್ತಿದೆ. ಬಹಳ ಜನ ಟ್ಯೂಬ್ ಮೂಲೆಗೆಸೆಯುವುದು ಇಲ್ಲಿಯೇ.

ಇದು ಮೊಡವೆಯನ್ನು ಒಣಗಿಸುವ ಔಷಧವಲ್ಲ. ಚರ್ಮದ ಕೋಶದ ನ್ಯೂಕ್ಲಿಯಸ್‌ನಲ್ಲಿ ರೆಟಿನಾಯಿಕ್ ಆಸಿಡ್ ರಿಸೆಪ್ಟರ್ ಎಂಬ ಪ್ರೊಟೀನುಗಳಿವೆ: ಆಲ್ಫಾ, ಬೀಟಾ, ಗಾಮಾ. ಚರ್ಮದಲ್ಲಿ ಗಾಮಾದ್ದೇ ಪಾರುಪತ್ಯ. ಆರ್‌ಎಕ್ಸ್‌ಆರ್ ಎಂಬ ಇನ್ನೊಂದು ರಿಸೆಪ್ಟರ್ ಜೊತೆ ಜೋಡಿಯಾಗಿ ಇವು ಡಿಎನ್‌ಎ ಮೇಲೆ ಕೂತಿರುತ್ತವೆ. ಔಷಧದ ಅಣು ಬಂದು ಅಂಟಿಕೊಂಡರೆ ರಿಸೆಪ್ಟರ್‌ನ ಆಕಾರ ಬದಲಾಗುತ್ತದೆ. ಜೀನನ್ನು ಅದುಮಿ ಹಿಡಿದಿದ್ದ ಪ್ರೊಟೀನುಗಳು ಕಳಚಿಕೊಂಡು, ಅದನ್ನು ಚಾಲೂ ಮಾಡುವವು ಬಂದು ಸೇರುತ್ತವೆ. ಆಮೇಲೆ ಹುಟ್ಟುವ ಕೋಶಗಳು ರಂಧ್ರದಲ್ಲಿ ಗಂಟುಕಟ್ಟಿ ಮೊಡವೆಯಾಗದೆ ಉದುರಿಹೋಗುತ್ತವೆ. ಹೊಸ ಚರ್ಮ ಬೆಳೆದು ಬರಬೇಕಲ್ಲ, ಅದಕ್ಕೇ 8ರಿಂದ 12 ವಾರ.

ತಮಾಷೆಯೆಂದರೆ, ಇದೇ ಕುಟುಂಬದ ಟ್ರೆಟಿನಾಯಿನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1971ರಲ್ಲಿ. ರಿಸೆಪ್ಟರ್ ಪತ್ತೆಯಾದದ್ದು 1987ರಲ್ಲಿ, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ವಿಜ್ಞಾನಿ ಪಿಯರ್ ಶಾಂಬೋ ಮತ್ತು ಅಮೆರಿಕದ ಸಾಲ್ಕ್ ಇನ್‌ಸ್ಟಿಟ್ಯೂಟ್‌ನ ರೊನಾಲ್ಡ್ ಇವಾನ್ಸ್ ತಂಡಗಳಿಂದ. ಹದಿನಾರು ವರ್ಷ, ಹೇಗೆ ಕೆಲಸ ಮಾಡುತ್ತದೆಂದು ಸರಿಯಾಗಿ ತಿಳಿಯದೆಯೇ ಜನ ಹಚ್ಚಿಕೊಂಡರು!

ಈಗ ಹಚ್ಚುವ ಕ್ರಮ.

1. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆದು, ಪೂರ್ತಿ ಒಣಗಲು ಬಿಡಿ. ಒದ್ದೆ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ.

2. ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ಸಾಕು. ಹಣೆ, ಕೆನ್ನೆ, ಗಲ್ಲಕ್ಕೆ ಚುಕ್ಕಿಯಿಟ್ಟು ತೆಳ್ಳಗೆ ಸವರಿ. ಮೊಡವೆ ಇದ್ದಲ್ಲಿ ಮಾತ್ರ ಹಚ್ಚುವುದು ದೊಡ್ಡ ತಪ್ಪು. ನಾಳೆಯ ಮೊಡವೆ ಇಂದು ಕಣ್ಣಿಗೆ ಕಾಣದು. ಕಣ್ಣಿನ ಸುತ್ತ, ತುಟಿ, ಮೂಗಿನ ಸಂದಿ ಬಿಟ್ಟುಬಿಡಿ.

3. ಮೇಲೆ ಮಾಯಿಶ್ಚರೈಸರ್. ಉರಿ ತಡೆಯದಿದ್ದರೆ ದಿನ ಬಿಟ್ಟು ದಿನ ಹಚ್ಚಿ. ಹೆಚ್ಚು ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ, ಚರ್ಮ ಕೆಂಪೇರುತ್ತದೆ ಅಷ್ಟೆ.

4. ಬೆಳಿಗ್ಗೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ತಪ್ಪಿಸಬೇಡಿ.

ಅಂಗಡಿಯ ರೆಟಿನಾಲ್ ಸೀರಮ್ ಇದಕ್ಕೆ ಬದಲಿಯಲ್ಲ. ಚರ್ಮದೊಳಗೆ ಎರಡು ಹಂತ ದಾಟಿ ರೆಟಿನಾಯಿಕ್ ಆಸಿಡ್ ಆದ ಮೇಲೇ ಅದು ರಿಸೆಪ್ಟರ್‌ಗೆ ಅಂಟುವುದು.

ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವವರು ಹಚ್ಚಬಾರದು. ಗರ್ಭದಲ್ಲಿ ಮಗುವಿನ ಮುಖ, ಹೃದಯ ರೂಪುಗೊಳ್ಳುವಾಗಲೂ ಇವೇ ರಿಸೆಪ್ಟರ್‌ಗಳು ಕೆಲಸ ಮಾಡುತ್ತಿರುತ್ತವೆ. ಈ ವರ್ಗದ ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಮಗುವಿಗೆ ತೀವ್ರ ಅಂಗದೋಷ ತರಬಲ್ಲದು. ಮುಟ್ಟು ತಪ್ಪಿದ್ದರೆ ಅವತ್ತೇ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ.