ತೀರ್ಪಿಲ್ಲದೆ ಕೇಸು ಮುಗಿದರೆ ಏನು ಮಾಡಬೇಕು?

ವಕೀಲರ ಗುಮಾಸ್ತರು ಫೋನ್ ಮಾಡಿ ‘ಕೇಸು ಮುಗಿಯಿತು’ ಎಂದರೆ, ಗೆದ್ದೆವೋ ಸೋತೆವೋ ಎಂದು ಕೇಳುವ ಮೊದಲು ಹೇಗೆ ಮುಗಿಯಿತು ಎಂದು ಕೇಳಿ. ತೀರ್ಪು ಬರದೆ ನಿಂತ ಮೊಕದ್ದಮೆಗಳಲ್ಲಿ ಕೆಲವು ಮತ್ತೆ ಏಳುತ್ತವೆ, ಕೆಲವು ಏಳುವುದಿಲ್ಲ.

ಅಮೆರಿಕದ ಸುದ್ದಿಗಳಲ್ಲಿ ಓದುವಂತೆ ಜ್ಯೂರಿಯಲ್ಲಿ (ತೀರ್ಪು ಹೇಳಲು ಕೂರಿಸುವ ಸಾಮಾನ್ಯ ಜನರ ಮಂಡಳಿ) ಒಮ್ಮತ ಮೂಡದೆ ವಿಚಾರಣೆ ರದ್ದಾಗುವುದು ನಮ್ಮಲ್ಲಿಲ್ಲ. ಹೆಂಡತಿಯ ಪ್ರಿಯಕರನನ್ನು ಕೊಂದ ಆರೋಪ ಹೊತ್ತ ನೌಕಾಧಿಕಾರಿ ನಾನಾವತಿಯ ಪ್ರಕರಣದಲ್ಲಿ ಜ್ಯೂರಿ 8–1ರಿಂದ ‘ನಿರಪರಾಧಿ’ ಎಂದದ್ದನ್ನು ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ನಡುವೆ ನ್ಯಾಯಾಧೀಶರಿಗೆ ವರ್ಗವಾದರೂ ಹೊಸಬರು ಸಾಮಾನ್ಯವಾಗಿ ದಾಖಲಾದ ಸಾಕ್ಷ್ಯದಿಂದಲೇ ಮುಂದುವರಿಯುತ್ತಾರೆ.

ಮೊದಲು ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ. ಕಾಸರಗೋಡಿನವರಿಗೆ ವಿದ್ಯಾನಗರ, ಕಾಞಂಗಾಡಿನ ಕಡೆಯವರಿಗೆ ಹೊಸದುರ್ಗ ಕೋರ್ಟು. ಆದೇಶ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಮಂಜೇಶ್ವರ, ಕುಂಬಳೆಯ ಕನ್ನಡಿಗರು ಎಡವುವುದು ಇಲ್ಲೇ. ವಕೀಲರ ಮುಂದೆ ಕುಳಿತು ಸಾಲುಸಾಲಾಗಿ ಅರ್ಥ ಹೇಳಿಸಿಕೊಳ್ಳಿ. ಫೀಸು ಕೊಟ್ಟವರಿಗೆ ಸಂಕೋಚ ಯಾಕೆ?

ಕ್ರಿಮಿನಲ್ ಕೇಸಾದರೆ ‘ಬಿಡುಗಡೆ’ಯೋ (ಡಿಸ್ಚಾರ್ಜ್) ‘ಖುಲಾಸೆ’ಯೋ (ಅಕ್ವಿಟಲ್) ನೋಡಿ. ಆರೋಪ ಹೊರಿಸುವ ಮೊದಲೇ ಬಿಟ್ಟಿದ್ದರೆ ಹೊಸ ಸಾಕ್ಷ್ಯ ಸಿಕ್ಕಾಗ ಮತ್ತೆ ವಿಚಾರಣೆ ಬರಬಹುದು. ಖುಲಾಸೆಯಾದರೆ ಮೇಲ್ಮನವಿ ಬಿಟ್ಟು ಬೇರೆ ದಾರಿ ಕಷ್ಟ. ಖಾಸಗಿ ದೂರು ಕೊಟ್ಟವರು ವಾಯಿದೆಗೆ ಬರದೇ ಇದ್ದರೂ ಆರೋಪಿ ಖುಲಾಸೆಯಾಗಬಹುದು. 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದಕ್ಕೂ ಮುನ್ನ ಹಾಜರಾಗಲು ಅವರಿಗೆ 30 ದಿನ ಕೊಡಬೇಕು. ಆರೋಪಿ ತೀರಿಕೊಂಡರೆ ಅವನ ಮೇಲಿನ ಕೇಸು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಹೆಚ್ಚು ಜನ ಸಿಕ್ಕಿಬೀಳುವುದು ಸಿವಿಲ್ ದಾವೆಯಲ್ಲಿ. ಅಡಿಕೆ ತೋಟದ ಗಡಿಗೆ ಸಂಬಂಧಿಸಿದ ದಾವೆಯ ದಿನ ವಾದಿ ಬರಲಿಲ್ಲ, ಪ್ರತಿವಾದಿ ಬಂದ, ದಾವೆ ವಜಾ. ಅದೇ ವಿಷಯಕ್ಕೆ ಹೊಸ ದಾವೆ ಹೂಡುವಂತಿಲ್ಲ, ವಜಾ ಆದ ದಿನದಿಂದ 30 ದಿನಗಳೊಳಗೆ ಕಾರಣ ತಿಳಿಸಿ ದಾವೆಯನ್ನು ಮರಳಿ ದಾಖಲಿಸಲು ಅರ್ಜಿ ಹಾಕಬೇಕು. ಪ್ರತಿ ಕೈಗೆ ಬರಲಿ ಎಂದು ಕಾಯುತ್ತಾ ಕುಳಿತರೆ ದಿನಗಳು ಉರುಳುತ್ತವೆ. ಇಬ್ಬರೂ ಬಾರದೆ ವಜಾ ಆಗಿದ್ದರೆ, ಕಾಲಮಿತಿ ಉಳಿದಿದ್ದಲ್ಲಿ, ಹೊಸ ದಾವೆಗೂ ಅವಕಾಶವಿದೆ.

ವಾದಿಯೇ ತೀರಿಕೊಂಡರೆ ವಾರಸುದಾರರು 90 ದಿನಗಳೊಳಗೆ ಹೆಸರು ಸೇರಿಸಲು ಕೇಳಬೇಕು. ತಪ್ಪಿದರೆ ದಾವೆ ತಾನಾಗಿ ಬಿದ್ದುಹೋಗುತ್ತದೆ. ಅದನ್ನು ಎಬ್ಬಿಸಲು ಮತ್ತೆ 60 ದಿನ. ಉತ್ತರಕ್ರಿಯೆಯ ಗಡಿಬಿಡಿಯಲ್ಲಿ ಈ ಲೆಕ್ಕ ಯಾರಿಗೂ ನೆನಪಿರುವುದಿಲ್ಲ, ಆದ್ದರಿಂದ ವಕೀಲರಿಗೆ ಮರಣದ ಸುದ್ದಿ ಬೇಗ ತಿಳಿಸಿ. ತಡವಾದರೆ ಪ್ರತಿದಿನದ ಕಾರಣ ಹೇಳುತ್ತಾ ಕ್ಷಮಾಪಣೆ ಅರ್ಜಿ ಬರೆಯಬೇಕಾದೀತು.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ಆದೇಶಕ್ಕೆ ಡಿಕ್ರಿಯ, ಅಂದರೆ ಸಿವಿಲ್ ಕೋರ್ಟಿನ ತೀರ್ಪಿನ ಆಜ್ಞೆಯ, ಬೆಲೆಯಿದೆ, ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸು ಬರುತ್ತದೆ. ಹಾಗಾಗಿ ಅರ್ಥವಾಗದ ಭಾಷೆಯ ರಾಜಿಪತ್ರಕ್ಕೆ ಸಹಿ ಹಾಕಬೇಡಿ. ವಕೀಲರನ್ನು ಇಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯೂ ಇಲ್ಲ.